ಬೆಂಚ್ ಪ್ರೆಸ್: ಎದೆಗೆ ಬೀಳಬೇಕಾದ ಭಾರ ಭುಜಕ್ಕೆ ಬಿದ್ದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಜಿಲ್ಲೆಯವು, ಅದರಲ್ಲೂ ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಭಾರದ ರಾಡನ್ನು ಎದೆಯಿಂದ ಮೇಲಕ್ಕೆ ಒತ್ತುವ ವ್ಯಾಯಾಮದ ಬಗ್ಗೆಯೇ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಕಂಡಿತು. ಭುಜ ನೋವು, ಎದೆ ಬೆಳೆಯದಿರುವುದು, ರಾಡ್ ಸೊಟ್ಟಗೆ ಹೋಗುವುದು ಎಂದು ದೂರುಗಳು ಬೇರೆಬೇರೆ ಇದ್ದರೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಒಂದೇ: ಬೆಂಚಿನ ಮೇಲೆ ಮಲಗುವ ರೀತಿ. ಎತ್ತುವುದನ್ನು ಎಲ್ಲರೂ ಕಲಿಯುತ್ತಾರೆ, ಮಲಗುವುದನ್ನು ಯಾರೂ ಕಲಿಸುವುದಿಲ್ಲ.

ವಯಸ್ಸು 22, ತೂಕ 68 ಕೆ.ಜಿ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. 50 ಕೆ.ಜಿ. ಎಂಟು ಸಲ ಎತ್ತುತ್ತೇನೆ. ಮಾರನೇ ದಿನ ಭುಜದ ಮುಂಭಾಗ ನೋಯುತ್ತದೆ, ಬೈಕ್ ಹ್ಯಾಂಡಲ್ ಹಿಡಿದರೂ ಚುಳ್ ಎನ್ನುತ್ತದೆ. ಎದೆಗೆ ಏನೂ ಗೊತ್ತಾಗುವುದಿಲ್ಲ. ಸರಿಯಾದ ವಿಧಾನ ಮೊದಲಿನಿಂದ ಹೇಳುತ್ತೀರಾ ಸರ್?
— ಓದುಗ, ಹಾಸನ

ಮೊದಲು ಒಂದು ತಿಂಗಳು 50 ಮರೆತುಬಿಡಿ. ಖಾಲಿ ರಾಡಿನಿಂದ ಶುರು ಮಾಡಿ, 30ರ ಆಸುಪಾಸಿನಲ್ಲೇ ಇರಿ.

ನಿಮ್ಮ ಬೆನ್ನಿನ ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ತ್ರಿಕೋನಾಕಾರದ ಮೂಳೆ ಇದೆ, ರೆಕ್ಕೆಮೂಳೆ. ತೋಳಿನ ಮೂಳೆಯ ಗುಂಡನೆಯ ತಲೆ ಕೂರುವ ಬಟ್ಟಲು ಇರುವುದು ಈ ರೆಕ್ಕೆಮೂಳೆಯ ತುದಿಯಲ್ಲೇ. ರೆಕ್ಕೆಮೂಳೆ ಅಲುಗಾಡುತ್ತಿದ್ದರೆ ಬಟ್ಟಲೂ ಅಲುಗಾಡುತ್ತದೆ. ಆಗ ಭಾರ ಕೆಳಗೆ ಬಂದಾಗ ಭುಜ ಮುಂದಕ್ಕೆ ಉರುಳಿ, ಕೀಲಿನ ಮುಂಭಾಗದ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ನಿಮ್ಮ 'ಚುಳ್' ಬಹುತೇಕ ಅಲ್ಲಿಯದೇ.

ಬೆಂಚಿನ ಮೇಲೆ ಮಲಗಿದಾಗ ಕಣ್ಣು ರಾಡಿನ ನೇರ ಕೆಳಗಿರಬೇಕು. ಅದಕ್ಕಿಂತ ಹಿಂದೆ ಹೋದರೆ ಎತ್ತುವಾಗ ರಾಡ್ ಕಂಬಕ್ಕೆ ತಾಗುತ್ತದೆ. ಮುಂದೆ ಬಂದರೆ ರಾಡನ್ನು ಕೊಕ್ಕೆಯಿಂದ ಬಿಡಿಸುವಷ್ಟರಲ್ಲೇ ಭುಜ ಜಾರುತ್ತದೆ. ಈಗ ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಒಂದರ ಹತ್ತಿರ ಒಂದು ತಂದು, ಆಮೇಲೆ ಸೊಂಟದ ಕಡೆಗೆ ಕೆಳಕ್ಕೆ ಎಳೆಯಿರಿ. ಬರೀ ಹಿಂದಕ್ಕೆ ಎಳೆದರೆ ಸಾಲದು. ಬಹಳ ಜನ ಹಿಂದಕ್ಕೆ ಎಳೆಯುವಾಗ ಭುಜವನ್ನು ಕಿವಿಯ ಕಡೆಗೆ ಏರಿಸಿಬಿಡುತ್ತಾರೆ. ಸರಿಯಾಗಿ ಮಾಡಿದರೆ ಎದೆ ತಾನಾಗಿ ಮೇಲೇಳುತ್ತದೆ, ಕೆಳಬೆನ್ನಿನಡಿ ಅಂಗೈ ತೂರುವಷ್ಟು ಸಂದು ಉಳಿಯುತ್ತದೆ. ತಲೆ, ಬೆನ್ನಿನ ಮೇಲ್ಭಾಗ, ಪೃಷ್ಠ ಬೆಂಚಿಗೆ, ಎರಡು ಪಾದ ನೆಲಕ್ಕೆ: ಈ ಐದೂ ಕೊನೆಯವರೆಗೆ ಅಂಟಿಕೊಂಡಿರಬೇಕು.

ಪಾದ ಮೊಣಕಾಲಿನ ನೇರ ಕೆಳಗೆ ಅಥವಾ ಸ್ವಲ್ಪ ಹಿಂದೆ ಇರಲಿ. ನೆಲವನ್ನು ತುಳಿದು ದೇಹವನ್ನು ತಲೆಯ ದಿಕ್ಕಿಗೆ ನೂಕುವ ಹಾಗೆ ಬಿಗಿ ಹಿಡಿಯಿರಿ, ಸೊಂಟವನ್ನು ಮೇಲಕ್ಕೆ ಎತ್ತುವ ಹಾಗಲ್ಲ. ಕುಳ್ಳಗಿದ್ದು ಹಿಮ್ಮಡಿ ನೆಲಕ್ಕೆ ಸಿಗದಿದ್ದರೆ ಪಾದದಡಿ ರಾಡಿಗೆ ಹಾಕುವ ತೂಕದ ದೊಡ್ಡ ಪ್ಲೇಟ್ ಒಂದೊಂದು ಹಾಕಿಕೊಳ್ಳಿ. ಸ್ಪರ್ಧೆಯ ಬೆಂಚು 42ರಿಂದ 45 ಸೆಂ.ಮೀ. ಎತ್ತರ. ನಮ್ಮ ವೆಲ್ಡಿಂಗ್ ಶಾಪಿನ ಬೆಂಚುಗಳು ಕೆಲವು 50 ದಾಟುತ್ತವೆ, ನಾಚಿಕೆಪಡುವಂಥದ್ದೇನಿಲ್ಲ.

ಹಿಡಿತಕ್ಕೆ ಅಳತೆ ಪಟ್ಟಿ ಬೇಡ. ರಾಡ್ ಎದೆಗೆ ತಾಗಿದ ಕ್ಷಣದಲ್ಲಿ ನಿಮ್ಮ ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಮುಂದಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಕಂಬದಂತೆ ನೆಟ್ಟಗಿರಬೇಕು, ಅಷ್ಟೇ. ಒಳಕ್ಕೆ ವಾಲಿದರೆ ಹಿಡಿತ ಕಿರಿದಾಗಿದೆ, ಹೊರಕ್ಕೆ ವಾಲಿದರೆ ಅಗಲವಾಗಿದೆ. 2.2 ಮೀಟರ್ ಉದ್ದದ 20 ಕೆ.ಜಿ. ರಾಡಿನಲ್ಲಿ ಎರಡು ನಯವಾದ ಉಂಗುರದ ಗುರುತು ಇರುತ್ತವೆ. ಪವರ್‌ಲಿಫ್ಟಿಂಗ್ ರಾಡಿನಲ್ಲಿ ಅವುಗಳ ನಡುವೆ 81 ಸೆಂ.ಮೀ. ಸಾಧಾರಣ ಮೈಕಟ್ಟಿನವರು ಕಿರುಬೆರಳು ಆ ಗುರುತಿನ ಹತ್ತಿರ ಬರುವಂತೆ ಹಿಡಿದು, ಅಲ್ಲಿಂದ ಹೊಂದಿಸಿಕೊಳ್ಳಬಹುದು. ಬೆರಳಿನ ಬುಡದಲ್ಲಿ ರಾಡ್ ಕೂತರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಅಂಗೈಯ ತಳದಲ್ಲಿ, ಮುಂಗೈ ಮೂಳೆಯ ಮೇಲೆಯೇ ಕೂರಿಸಿ ಹೆಬ್ಬೆರಳನ್ನು ಸುತ್ತಿ. ಹೆಬ್ಬೆರಳು ಸುತ್ತದೆ ಹಿಡಿಯುವ ಶೋಕಿ ಬೇಡ. ಬೆವರಿದ ಕೈಯಿಂದ ಜಾರಿದ ರಾಡ್ ಬೀಳುವುದು ಎದೆಗೆ ಅಥವಾ ಕುತ್ತಿಗೆಗೆ.

ರಾಡನ್ನು ಕೊಕ್ಕೆಯಿಂದ ಮೇಲಕ್ಕೆ ಒತ್ತಿ ತೆಗೆಯಬೇಡಿ, ಮೊಣಕೈ ನೆಟ್ಟಗೆ ಮಾಡಿ ಮುಂದಕ್ಕೆ ಎಳೆದುಕೊಳ್ಳಿ. ಕೊಕ್ಕೆ ಎತ್ತರವಾಗಿದ್ದರೆ ತೆಗೆಯುವಾಗಲೇ ರೆಕ್ಕೆಮೂಳೆ ಬಿಚ್ಚಿಕೊಳ್ಳುತ್ತದೆ, ಅಲ್ಲಿಗೆ ಇಷ್ಟೊತ್ತು ಮಾಡಿದ್ದೆಲ್ಲ ನೀರಿಗೆ ಹೋಯಿತು. ರಾಡ್ ಭುಜದ ನೇರ ಮೇಲೆ ಬಂದು ನಿಂತ ಮೇಲೆ ಉಸಿರು ಎಳೆದು ಹೊಟ್ಟೆ ಬಿಗಿ ಮಾಡಿ, ಸುಮಾರು ಎರಡು ಸೆಕೆಂಡಿನಲ್ಲಿ ಕೆಳಕ್ಕೆ ತನ್ನಿ. ತಾಗಬೇಕಾದ ಜಾಗ ಎದೆಯ ಕೆಳಭಾಗ, ಮೊಲೆತೊಟ್ಟಿನ ಗೆರೆ ಅಥವಾ ಒಂದೆರಡು ಬೆರಳು ಕೆಳಗೆ. ಕೊರಳಿನ ಹತ್ತಿರ ಅಲ್ಲ. ಆಗ ತೋಳು ಪಕ್ಕೆಯಿಂದ 45ರಿಂದ 70 ಡಿಗ್ರಿ ಕೋನದಲ್ಲಿರುತ್ತದೆ. 90 ಡಿಗ್ರಿಗೆ, ಅಂದರೆ ಶಿಲುಬೆಯಂತೆ ತೋಳು ಚಾಚಿದರೆ ಭುಜದ ಕೀಲು ಇಕ್ಕಟ್ಟಿಗೆ ಸಿಗುತ್ತದೆ. ನಿಮ್ಮ ತಪ್ಪು ಇದೇ ಇರಬಹುದು ಎಂದು ನಮ್ಮ ಅನುಮಾನ.

ಎದೆಗೆ ತಾಗಿಸಿ, ಬಡಿಯಬೇಡಿ. ಮೇಲೆ ಹೋಗುವಾಗ ರಾಡ್ ನೆಟ್ಟಗೆ ಹೋಗುವುದಿಲ್ಲ. ಸ್ವಲ್ಪ ಮುಖದ ಕಡೆಗೆ ವಾಲುತ್ತಾ ಹೋಗಿ ಮತ್ತೆ ಭುಜದ ಮೇಲೆ ನಿಲ್ಲುತ್ತದೆ. ಎದೆಯಿಂದ ಒಂದು ಗೇಣು ಮೇಲೆ ಬರುವ ಕಷ್ಟದ ಜಾಗ ದಾಟಿದ ಮೇಲೆ ಉಸಿರು ಬಿಡಿ. ಪೂರ್ತಿ ಮೇಲಾದಾಗ ಮೊಣಕೈ ನೆಟ್ಟಗಿರಲಿ, ಆದರೆ ಇನ್ನಷ್ಟು ಎತ್ತರಕ್ಕೆಂದು ಭುಜವನ್ನು ಬೆಂಚಿನಿಂದ ಎಬ್ಬಿಸಬೇಡಿ. ಎರಡನೇ ರೆಪ್‌ನಿಂದ (ಒಮ್ಮೆ ಇಳಿಸಿ ಎತ್ತಿದರೆ ಒಂದು ರೆಪ್) ಭುಜ ಹಾಳಾಗುವುದು ಈ ಕೊನೆಯ ಎರಡು ಅಂಗುಲದ ದುರಾಸೆಯಿಂದಲೇ.

ಪಕ್ಕದಿಂದ ಮೊಬೈಲ್‌ನಲ್ಲಿ ಒಂದು ಸೆಟ್ (ಬಿಡುವಿಲ್ಲದೆ ಮಾಡುವ ರೆಪ್ಪುಗಳ ಒಂದು ಸುತ್ತು) ವಿಡಿಯೊ ತೆಗೆಸಿ, ಮುಂಗೈ ನೆಟ್ಟಗಿದೆಯೇ ಎಂಬುದೊಂದನ್ನೇ ನೋಡಿ. ಹೀಗೆಲ್ಲ ಮಾಡಿಯೂ ಮೂರು ವಾರದಲ್ಲಿ ನೋವು ಕಡಿಮೆಯಾಗದಿದ್ದರೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಮೂಳೆ ತಜ್ಞರನ್ನು ಕಾಣಿ. ಎತ್ತುವಾಗ 'ಟಪ್' ಎಂದು ಸದ್ದಾಗಿ ಕಂಕುಳ ಹತ್ತಿರ ನೀಲಿಗಟ್ಟಿದರೆ ಮೂರು ವಾರ ಕಾಯಬೇಡಿ, ಅದೇ ದಿನ ಹೋಗಿ. ಎದೆಯ ಸ್ನಾಯುರಜ್ಜು ಹರಿದಿದ್ದರೆ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಒಳ್ಳೆಯದು.

ಬೆಂಚ್ ಪ್ರೆಸ್ ಯಾವ ಯಾವ ಸ್ನಾಯುಗಳಿಗೆ? ನಮ್ಮ ಜಿಮ್‌ನಲ್ಲಿ ಕಿರಿದಾಗಿ ಹಿಡಿದರೆ 'ಇನ್ನರ್ ಚೆಸ್ಟ್', ಅಗಲವಾಗಿ ಹಿಡಿದರೆ 'ಔಟರ್ ಚೆಸ್ಟ್' ಎನ್ನುತ್ತಾರೆ. ನಿಜವೇ?
— ಓದುಗರು, ಅರಸೀಕೆರೆ

ಇನ್ನರ್, ಔಟರ್ ಎರಡೂ ಇಲ್ಲ. ಎದೆಯ ದೊಡ್ಡ ಸ್ನಾಯು, ಪೆಕ್ಟೊರಾಲಿಸ್ ಮೇಜರ್, ಎದೆಮೂಳೆ ಮತ್ತು ಕೊರಳೆಲುಬಿನಿಂದ ಹೊರಟು ಬೀಸಣಿಗೆಯಂತೆ ಒಂದುಗೂಡಿ ತೋಳಿನ ಮೂಳೆಗೆ ಹೋಗಿ ಅಂಟುತ್ತದೆ. ಅದರ ಎಳೆಗಳು ಎದೆಯ ನಡುವಿನಿಂದ ತೋಳಿನವರೆಗೆ ಓಡುತ್ತವೆ. ಹಗ್ಗ ಎಳೆದಾಗ ಅರ್ಧ ಹಗ್ಗ ಮಾತ್ರ ಬಿಗಿಯಾಗುತ್ತದೆಯೇ? ಹಾಗೆಯೇ ಇದು. ನಡುವಿನ ಸಂದಿನ ಆಕಾರ ನಿಮ್ಮ ಸ್ನಾಯು ಎದೆಮೂಳೆಗೆ ಅಂಟಿರುವ ರೀತಿಯಿಂದ ಬಂದದ್ದು, ಹುಟ್ಟಿನಿಂದ ಬಂದದ್ದು.

ಮೇಲ್ಭಾಗ, ಕೆಳಭಾಗ ಎನ್ನುವುದಕ್ಕೆ ಮಾತ್ರ ಅರ್ಥವಿದೆ. ಕೊರಳೆಲುಬಿನಿಂದ ಬರುವ ಎಳೆಗಳು ಬೇರೆ ದಿಕ್ಕಿನವು. ಬೆಂಚನ್ನು 30 ಡಿಗ್ರಿಯಷ್ಟು ಏರಿಸಿದರೆ ಅವಕ್ಕೆ ಹೆಚ್ಚು ಕೆಲಸ. 45 ದಾಟಿದರೆ ಕೆಲಸ ಎದೆಯಿಂದ ಭುಜಕ್ಕೆ ಜಾರುತ್ತದೆ.

ಎದೆಯ ಜೊತೆಗೆ ದುಡಿಯುವ ಮುಖ್ಯ ಸ್ನಾಯುಗಳು ಎರಡು: ಭುಜದ ಮುಂಭಾಗದ ಡೆಲ್ಟಾಯ್ಡ್, ತೋಳಿನ ಹಿಂಭಾಗದ ಟ್ರೈಸೆಪ್ಸ್. ಡೆಲ್ಟಾಯ್ಡ್ ಎದೆಯ ಜೊತೆ ಸೇರಿ ತೋಳನ್ನು ಮುಂದಕ್ಕೆ ತರುತ್ತದೆ, ಟ್ರೈಸೆಪ್ಸ್ ಮೊಣಕೈ ಬಿಡಿಸುತ್ತದೆ. ಟ್ರೈಸೆಪ್ಸ್‌ನ ಮೂರು ತಲೆಗಳಲ್ಲಿ ಉದ್ದನೆಯದು ಭುಜದ ಕೀಲನ್ನೂ ದಾಟಿ ರೆಕ್ಕೆಮೂಳೆಗೆ ಅಂಟಿರುವುದರಿಂದ ಇಲ್ಲಿ ಅದರ ಪಾಲು ಕಡಿಮೆ. ಅದಕ್ಕೆಂದೇ ತಲೆಯ ಮೇಲೆ ಕೈ ಎತ್ತಿ ಮಾಡುವ ಟ್ರೈಸೆಪ್ಸ್ ವ್ಯಾಯಾಮ ಬೇರೆಯಾಗಿ ಬೇಕು. ಹಿಡಿತ ಕಿರಿದಾದರೆ ಟ್ರೈಸೆಪ್ಸ್‌ಗೆ ಹೆಚ್ಚು. ನಿಮ್ಮ ಜಿಮ್‌ನವರು 'ಇನ್ನರ್' ಎಂದದ್ದು ಬಹುಶಃ ಇದನ್ನೇ.

ಕಾಣದೆ ದುಡಿಯುವವರೂ ಇದ್ದಾರೆ. ತೋಳಿನ ತಲೆಯನ್ನು ಬಟ್ಟಲಿನಲ್ಲಿ ಹಿಡಿದಿಡುವ ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳು, ರೆಕ್ಕೆಮೂಳೆಯನ್ನು ಹಿಂದಕ್ಕೆ ಎಳೆದಿಡುವ ಬೆನ್ನಿನ ಸ್ನಾಯುಗಳು, ಕೆಳಗಿಳಿಸುವಾಗ ದಾರಿ ತಪ್ಪದಂತೆ ಕಾಯುವ ಲ್ಯಾಟ್ಸ್ (ಬೆನ್ನಿನ ಎರಡು ಪಕ್ಕದ ಅಗಲ ಸ್ನಾಯುಗಳು). ಇವು ಎದೆಯಷ್ಟು ಬೆಳೆಯುವುದಿಲ್ಲ, ಆದರೆ ಇವು ದಣಿದರೆ ಎದೆಗೆ ಬಲವಿದ್ದೂ ರಾಡ್ ಏಳದು.

ಕಾಫಿ ತೋಟದ ಮನೆ. ಹಳೇ ಗೋದಾಮಿನಲ್ಲಿ ಬೆಂಚು, ರಾಡ್ ಇಟ್ಟುಕೊಂಡು ಒಬ್ಬನೇ ಮಾಡುತ್ತೇನೆ. ಹೋದ ತಿಂಗಳು 45 ಕೆ.ಜಿ. ಎದೆ ಮೇಲೆ ಕೂತುಬಿಟ್ಟಿತು, ಹೇಗೋ ಪಾರಾದೆ. ಒಬ್ಬನೇ ಮಾಡುವುದು ಹೇಗೆ? ಮಳೆಗಾಲದಲ್ಲಿ ರಾಡ್ ತುಕ್ಕು ಹಿಡಿಯುತ್ತದೆ, ಅದಕ್ಕೂ ಉಪಾಯ ಹೇಳಿ.
— ಓದುಗ, ಸಕಲೇಶಪುರ

ಪಾರಾದದ್ದು ಅದೃಷ್ಟ. ಮನೆಯಲ್ಲಿ ಬೆಂಚ್ ಪ್ರೆಸ್ ಮಾಡಿ ಪ್ರಾಣ ಕಳೆದುಕೊಂಡವರಿದ್ದಾರೆ, ಬಹುತೇಕ ಒಬ್ಬರೇ ಇದ್ದಾಗ, ರಾಡ್ ಕುತ್ತಿಗೆಗೆ ಬಿದ್ದು.

ಖಾಯಂ ಪರಿಹಾರ ಎಂದರೆ ಬೆಂಚಿನ ಎರಡು ಪಕ್ಕ ಎರಡು ಸ್ಟ್ಯಾಂಡ್. ಎರಡು ಅಂಗುಲದ ಚೌಕ ಪೈಪಿನಲ್ಲಿ, ಅಗಲವಾದ ಕಾಲು ಕೊಟ್ಟು ವೆಲ್ಡಿಂಗ್ ಮಾಡಿಸಿ. ಎತ್ತರದ ಲೆಕ್ಕ ಹೀಗೆ: ರೆಕ್ಕೆಮೂಳೆ ಎಳೆದು ಎದೆ ಎತ್ತಿ ಮಲಗಿ, ನೆಲದಿಂದ ಎದೆಯ ಮೇಲ್ಮೈವರೆಗೆ ಯಾರಿಂದಲಾದರೂ ಅಳೆಸಿ, ಅದಕ್ಕಿಂತ 2–3 ಸೆಂ.ಮೀ. ಕಡಿಮೆ ಇಡಿ. ಅಳತೆ 68 ಬಂದರೆ ಸ್ಟ್ಯಾಂಡ್ 65. ಎದೆ ಎತ್ತಿದ್ದಾಗ ರಾಡ್ ಸ್ಟ್ಯಾಂಡಿಗೆ ತಾಗದೆ ಎದೆಗೆ ತಾಗುತ್ತದೆ. ಏಳದೆ ಹೋದರೆ ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿ, ಎದೆ ಇಳಿಯುತ್ತದೆ, ರಾಡ್ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಸಿಮೆಂಟ್ ಇಟ್ಟಿಗೆ ಜೋಡಿಸಿ ಕೆಲಸ ಮುಗಿಸುವ ಯೋಚನೆ ಬೇಡ, ರಾಡ್ ಬಿದ್ದ ಏಟಿಗೆ ಅದು ಒಡೆಯುತ್ತದೆ.

ಸ್ಟ್ಯಾಂಡ್ ಬರುವವರೆಗೆ ಡಂಬಲ್ಸ್ ಹಿಡಿಯಿರಿ. ಏಳದಿದ್ದರೆ ಎರಡೂ ಪಕ್ಕಕ್ಕೆ ಬಿಟ್ಟರಾಯಿತು. ರಾಡೇ ಬೇಕೆಂದರೆ ಇನ್ನೂ ಎರಡು ರೆಪ್ ಆಗುತ್ತದೆ ಎನ್ನುವಾಗಲೇ ನಿಲ್ಲಿಸಿ. ಪ್ಲೇಟ್‌ಗೆ ಕ್ಲಿಪ್ ಹಾಕಬೇಡಿ: ಸಿಕ್ಕಿಹಾಕಿಕೊಂಡರೆ ಒಂದು ಕಡೆಗೆ ವಾಲಿಸಿ ಪ್ಲೇಟ್ ಜಾರಿಸಬಹುದು. ಒಂದು ಕಡೆ ಖಾಲಿಯಾದ ಕೂಡಲೇ ಇನ್ನೊಂದು ಕಡೆ ಝಾಡಿಸಿ ಕೆಳಗೆ ಹೋಗುತ್ತದೆ, ಎರಡೂ ಕೈ ಬಿಗಿಯಾಗಿರಲಿ. ನಿಮ್ಮದು ತುದಿಗೆ ನಟ್ಟು ತಿರುಗಿಸಿ ಪ್ಲೇಟ್ ಬಿಗಿಯುವ, ಆರು ಅಡಿಯ ಮರೆ-ನಟ್ಟಿನ ರಾಡ್ ಆಗಿದ್ದರೆ ಪ್ಲೇಟ್ ಜಾರುವುದಿಲ್ಲ. ಆಗ ಇರುವ ದಾರಿ ಒಂದೇ: ರಾಡನ್ನು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಯ ಬುಡಕ್ಕೆ ಉರುಳಿಸಿ ಎದ್ದು ಕೂರುವುದು. 45 ಕೆ.ಜಿ.ಗೆ ಇದು ನಡೆಯುತ್ತದೆ, ಹೊಟ್ಟೆ ಮೇಲೆ ಗೆರೆ ಬೀಳುತ್ತದೆ ಅಷ್ಟೇ. 80ಕ್ಕೆ ನಡೆಯುವುದಿಲ್ಲ.

ತುಕ್ಕಿಗೆ: ಸಕಲೇಶಪುರದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬರೀ ಬಟ್ಟೆ ಸಾಲದು. ಬೆವರಿನ ಉಪ್ಪು, ಕೈಗೆ ಹಚ್ಚುವ ಬಿಳಿ ಪುಡಿ ಎರಡೂ ತೇವ ಹಿಡಿದಿಡುತ್ತವೆ. ಒಣ ನೈಲಾನ್ ಬ್ರಷ್‌ನಿಂದ, ತುಕ್ಕು ಗಟ್ಟಿಯಾಗಿದ್ದರೆ ಹಿತ್ತಾಳೆ ಎಳೆಯ ಬ್ರಷ್‌ನಿಂದ ಗೀಚು-ಗೀಚಾದ ಭಾಗ ಉಜ್ಜಿ, ಹೊಲಿಗೆ ಮಷೀನ್ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ಸವರಿ, ಒಂದು ರಾತ್ರಿ ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಿ ರಾಡಿನ ಮೇಲೆ ಮೇಣದಂತೆ ಕೂರುತ್ತದೆ. ಎಣ್ಣೆಯ ಪಸೆ ಉಳಿದ ರಾಡಿನಲ್ಲಿ ಬೆಂಚ್ ಪ್ರೆಸ್ ಮಾಡಬೇಡಿ ಎಂದು ಬೇರೆ ಹೇಳಬೇಕಿಲ್ಲ.

ವಯಸ್ಸು 34, ಇಬ್ಬರು ಮಕ್ಕಳು. ಬೆಂಚ್ ಪ್ರೆಸ್ ಮಾಡಿದರೆ ಹೆಂಗಸರಿಗೆ ಎದೆ ಗಂಡಸರಂತೆ ಆಗುತ್ತದೆ, ಸ್ತನ ಕರಗುತ್ತದೆ ಎಂದು ಅತ್ತಿಗೆ ಹೆದರಿಸುತ್ತಾರೆ. ಜಿಮ್‌ನಲ್ಲಿ ಇರುವ ರಾಡೇ ನನಗೆ ಭಾರ. ಏನು ಮಾಡಲಿ?
— ಓದುಗಿ, ಹಾಸನ

ಅತ್ತಿಗೆಗೆ ಹೇಳಿ: ಸ್ತನ ಇರುವುದು ಸ್ನಾಯುವಿನ ಮೇಲೆ, ಅದು ಕೊಬ್ಬು ಮತ್ತು ಹಾಲಿನ ಗ್ರಂಥಿ. ವ್ಯಾಯಾಮದಿಂದ ಅಡಿಯ ಸ್ನಾಯು ಗಟ್ಟಿಯಾಗುತ್ತದೆ, ಸ್ತನ ಸ್ನಾಯುವಾಗಿ ಬದಲಾಗುವುದಿಲ್ಲ. ಇಡೀ ಮೈಯ ಕೊಬ್ಬು ಇಳಿದರೆ ಅಲ್ಲಿಯೂ ಸ್ವಲ್ಪ ಇಳಿಯಬಹುದು, ಅದು ನಡಿಗೆಯಿಂದ ಇಳಿದರೂ ಅಷ್ಟೇ. ಗಂಡಸಿನಂಥ ಎದೆ ಬರಲು ಬೇಕಾದ ಟೆಸ್ಟೊಸ್ಟಿರಾನ್ ಹೆಂಗಸರಲ್ಲಿ ಅತಿ ಕಡಿಮೆ. ಹಾಗೆಯೇ, ಜೋತ ಸ್ತನವನ್ನು ಬೆಂಚ್ ಪ್ರೆಸ್ ಎತ್ತಿ ಕಟ್ಟುತ್ತದೆ ಎಂಬ ಜಾಹೀರಾತನ್ನೂ ನಂಬಬೇಡಿ.

20 ಕೆ.ಜಿ. ರಾಡ್ ಭಾರವಾಗುವುದು ಸಹಜ. ಮಹಿಳೆಯರ ರಾಡ್ 15 ಕೆ.ಜಿ., ಹಿಡಿಯುವ ಜಾಗವೂ ಸಣ್ಣ, 25 ಮಿ.ಮೀ. ದಪ್ಪ. ಹಾಸನದ ಎಲ್ಲ ಜಿಮ್‌ನಲ್ಲೂ ಅದು ಸಿಗಲಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಕೈಗೊಂದು 4 ಅಥವಾ 5 ಕೆ.ಜಿ. ಡಂಬಲ್ ಹಿಡಿದು ಹತ್ತರಂತೆ ಮೂರು ಸೆಟ್, ವಾರಕ್ಕೆ ಎರಡು ದಿನ. ಮೂರು ಸೆಟ್‌ನಲ್ಲೂ 12 ಬಂದಾಗ ಮುಂದಿನ ಡಂಬಲ್‌ಗೆ ಹೋಗಿ. ಕೈಗೆ 8–9 ಕೆ.ಜಿ. ಆಗುವ ಹೊತ್ತಿಗೆ ಆ 20ರ ರಾಡ್ ತಾನಾಗಿ ಏಳುತ್ತದೆ. ರಾಡ್ ತಾಗಬೇಕಾದ ಜಾಗ ಬ್ರಾದ ಕೆಳಪಟ್ಟಿಗಿಂತ ಸ್ವಲ್ಪ ಮೇಲೆ. ಬಿಗಿಯಾದ ಸ್ಪೋರ್ಟ್ಸ್ ಬ್ರಾ ಇರಲಿ, ಹಿಂದೆ ಹುಕ್ ಇರುವುದು ಬೇಡ, ರೆಕ್ಕೆಮೂಳೆ ಎಳೆದಾಗ ಅದು ಬೆನ್ನಿಗೆ ಚುಚ್ಚುತ್ತದೆ.

ಮೂರು ತಿಂಗಳಿಂದ 60 ಕೆ.ಜಿ.ಯಲ್ಲೇ ನಿಂತಿದ್ದೇನೆ. ಐದು ರೆಪ್, ಆರನೆಯದು ಫ್ರೆಂಡ್ ಸಪೋರ್ಟ್ ಕೊಟ್ಟರೆ. ಪ್ರತಿ ಸೋಮವಾರ ಚೆಸ್ಟ್.
— ಓದುಗ, ಬೇಲೂರು

ವಾರಕ್ಕೊಂದೇ ದಿನ, ಪ್ರತಿ ಸಲವೂ ಶಕ್ತಿಪರೀಕ್ಷೆ. ಪರೀಕ್ಷೆ ಬರೆಯುತ್ತಲೇ ಇದ್ದರೆ ಓದುವುದು ಯಾವಾಗ?

60ಕ್ಕೆ ಐದು ಎಂದರೆ ಒಂದೇ ಸಲಕ್ಕೆ ನೀವು ಎತ್ತಬಲ್ಲ ಗರಿಷ್ಠ ಅಂದಾಜು 70. ಲೆಕ್ಕ ಸುಲಭ: ರೆಪ್ ಸಂಖ್ಯೆಯನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. ಹತ್ತು ರೆಪ್‌ವರೆಗೆ ಈ ಲೆಕ್ಕ ಸುಮಾರಾಗಿ ಸರಿಬರುತ್ತದೆ. ಸೋಮವಾರ 52.5ರಿಂದ ಶುರು ಮಾಡಿ, ಐದರಂತೆ ನಾಲ್ಕು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಗುರುವಾರ 42.5ಕ್ಕೆ ಎಂಟರಂತೆ ಮೂರು ಸೆಟ್, ಪ್ರತಿ ರೆಪ್ ಎದೆಯ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ. ಸೋಮವಾರದ ತೂಕ ವಾರವಾರಕ್ಕೂ 2.5 ಏರಲಿ: 55, 57.5. ನಾಲ್ಕನೇ ವಾರ 50ಕ್ಕೆ ಇಳಿದು ಮೈಗೆ ಬಿಡುವು ಕೊಡಿ. ಐದನೇ ವಾರ 60, ಆರನೇ ವಾರ 62.5. ಐದು ರೆಪ್ ಸಿಗದ ವಾರ ಏರಿಸಬೇಡಿ, ಅದೇ ತೂಕಕ್ಕೆ ಮತ್ತೊಂದು ವಾರ ಕೊಡಿ. ಭಾರದ ಸೆಟ್‌ಗೆ ಮೊದಲು ಖಾಲಿ ರಾಡ್ 12, ಆಮೇಲೆ 35ಕ್ಕೆ ಐದು, 45ಕ್ಕೆ ಮೂರು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಖಾಲಿ ರಾಡ್ ಎರಡು ಸೆಟ್ ಆದರೂ ನಷ್ಟವಿಲ್ಲ.

ಒತ್ತುವಷ್ಟೇ ಎಳೆಯಬೇಕು. ನಾಲ್ಕು ಸೆಟ್ ಬೆಂಚ್ ಮಾಡಿದರೆ ನಾಲ್ಕು ಸೆಟ್ ರೋಯಿಂಗ್ (ಭಾರವನ್ನು ಮೈಯ ಕಡೆಗೆ ಎಳೆಯುವ ವ್ಯಾಯಾಮ), ಇಲ್ಲದಿದ್ದರೆ ರೆಕ್ಕೆಮೂಳೆ ಹಿಡಿದಿಡುವವರೇ ಇಲ್ಲ.

ಫ್ರೆಂಡ್ ವಿಷಯ. 'ನಿಂದೇ, ನಿಂದೇ, ನಾನು ಮುಟ್ಟೇ ಇಲ್ಲ' ಎನ್ನುತ್ತಾ ಎರಡೂ ಕೈಯಲ್ಲಿ ಹತ್ತು ಕೆ.ಜಿ. ಎತ್ತಿಕೊಡುವವರು ಎಲ್ಲ ಜಿಮ್‌ನಲ್ಲೂ ಇದ್ದಾರೆ. ಸಪೋರ್ಟ್ ಕೊಡುವವರ ಕೈ ರಾಡಿನ ಹತ್ತಿರವಿರಲಿ, ರಾಡ್ ನಿಂತರೆ ಅಥವಾ ಕೆಳಗೆ ಹೋದರೆ ಮಾತ್ರ ಮುಟ್ಟಲಿ. ಅವರು ಮುಟ್ಟಿದ ರೆಪ್ಪನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಇನ್ನೊಂದು: ಎರಕದ ಪ್ಲೇಟ್‌ಗಳ ಮೇಲೆ ಬರೆದ ತೂಕ ಸತ್ಯವೆಂದು ನಂಬಬೇಡಿ. ಗೊಬ್ಬರದಂಗಡಿಯ ಅಥವಾ ಆಲೂಗೆಡ್ಡೆ ಮಂಡಿಯ ತಕ್ಕಡಿಗೆ ಒಮ್ಮೆ ಹಾಕಿ ನೋಡಿ. '10' ಎಂದು ಬರೆದದ್ದು ಒಂದು 9.4, ಇನ್ನೊಂದು 10.5 ಇದ್ದರೆ ನಿಮ್ಮ ಬಲಗೈ ಸೋಲುತ್ತಿರುವುದಕ್ಕೆ ಬಲಗೈ ಕಾರಣವಲ್ಲ.

ರಾಡ್ ಯಾವಾಗಲೂ ಎಡಕ್ಕೆ ವಾಲುತ್ತದೆ, ಬಲಗೈ ಮೊದಲು ಮೇಲೆ ಹೋಗುತ್ತದೆ.
— ಓದುಗ, ಚನ್ನರಾಯಪಟ್ಟಣ

ಮೇಲಿನ ತಕ್ಕಡಿ ಪರೀಕ್ಷೆ ಮೊದಲು ಮಾಡಿ. ಆಮೇಲೆ ಉಂಗುರದ ಗುರುತಿನಿಂದ ಎರಡೂ ಕೈ ಸಮ ದೂರದಲ್ಲಿವೆಯೇ, ಬೆಂಚು ರಾಡಿಗೆ ಸರಿಯಾಗಿ ನಡುವೆ ಇದೆಯೇ ನೋಡಿ. ಎಲ್ಲ ಸರಿಯಿದ್ದರೆ ಆರು ವಾರ ಡಂಬಲ್ಸ್ ಮಾಡಿ, ಎಡಗೈಗೆ ಎಷ್ಟು ರೆಪ್ ಬರುತ್ತದೋ ಬಲಗೈಗೂ ಅಷ್ಟೇ. ಒಂದು ಕೈ ಇದ್ದಕ್ಕಿದ್ದಂತೆ ಸೋತಿದ್ದು, ಜೊತೆಗೆ ಬೆರಳು ಜೋಮು ಹಿಡಿಯುತ್ತಿದ್ದರೆ ಅದು ಜಿಮ್‌ನ ವಿಷಯವಲ್ಲ, ಡಾಕ್ಟರಿಗೆ ತೋರಿಸಿ.

ನಮ್ಮ ತಾತ ಗರಡಿ ಮನೆಯಲ್ಲಿ ಸಾಮು ಮಾಡಿದವರು. 'ದಂಡ ಹೊಡಿ, ಬೆಂಚು ಗಿಂಚು ಯಾಕೆ' ಎನ್ನುತ್ತಾರೆ. ಯಾರದು ಸರಿ?
— ಓದುಗ, ಹೊಳೆನರಸೀಪುರ

ತಾತನದು ಅರ್ಧಕ್ಕಿಂತ ಹೆಚ್ಚು ಸರಿ. ದಂಡದಲ್ಲಿ, ಪುಷ್‌ಅಪ್‌ನಲ್ಲಿ ರೆಕ್ಕೆಮೂಳೆ ಸ್ವತಂತ್ರವಾಗಿ ಜಾರಾಡುತ್ತದೆ. ಪಕ್ಕೆಲುಬಿನ ಮೇಲೆ ಬೆರಳಿನಂತೆ ಕಾಣುವ ಸೆರೇಟಸ್ ಸ್ನಾಯು ಬೆಂಚಿಗಿಂತ ಅಲ್ಲಿ ಚೆನ್ನಾಗಿ ದುಡಿಯುತ್ತದೆ. ಹೊಟ್ಟೆ, ಸೊಂಟ ಕೂಡ. ಬೆಂಚಿನ ಮೇಲೆ ನಾವು ರೆಕ್ಕೆಮೂಳೆಯನ್ನು ಬೇಕೆಂದೇ ಕಟ್ಟಿಹಾಕುವುದರಿಂದ, ಅದಕ್ಕೆ ಬಿಡುಗಡೆ ಕೊಡುವ ವ್ಯಾಯಾಮ ಒಂದು ಜೊತೆಗಿರುವುದು ಭುಜಕ್ಕೆ ಒಳ್ಳೆಯದು.

ಆದರೆ ಪುಷ್‌ಅಪ್‌ನಲ್ಲಿ ಕೈಗೆ ಬೀಳುವುದು ದೇಹದ ತೂಕದ ಸುಮಾರು ಮೂರನೇ ಎರಡು ಭಾಗ. 66 ಕೆ.ಜಿ. ಇದ್ದವರಿಗೆ 44ರಷ್ಟು. ಇಂದು 40 ಹೊಡೆಯುವವರು ನಾಳೆ 60 ಹೊಡೆಯಬಹುದು, ಅದು ದಮ್ಮು ಬೆಳೆಸುತ್ತದೆ. ಬಲ ಬೆಳೆಯಬೇಕಾದರೆ ಭಾರ ಸ್ವಲ್ಪ ಸ್ವಲ್ಪವಾಗಿ ಏರಬೇಕು, ಆ ಸೌಕರ್ಯ ರಾಡಿಗಿದೆ. ಬೆಂಚ್ ಮುಗಿದ ಮೇಲೆ 15ರಂತೆ ಎರಡು ಸೆಟ್ ದಂಡ ಹೊಡೆಯಿರಿ, ತಾತನಿಗೂ ಸಮಾಧಾನ.

ಪೋಲಿಯೊದಿಂದ ಎರಡೂ ಕಾಲಿಗೆ ಬಲವಿಲ್ಲ, ಊರುಗೋಲಿನಲ್ಲಿ ಓಡಾಡುತ್ತೇನೆ. ಕೈಬಲ ಚೆನ್ನಾಗಿದೆ. ಕಾಲು ಊರಲಾಗದವರು ಬೆಂಚ್ ಪ್ರೆಸ್ ಮಾಡಬಹುದೇ?
— ಓದುಗರು, ಅರಕಲಗೂಡು

ಖಂಡಿತ. ಪ್ಯಾರಾ ಪವರ್‌ಲಿಫ್ಟಿಂಗ್ ಎಂಬ ಆಟದಲ್ಲಿ ಇರುವುದೇ ಬೆಂಚ್ ಪ್ರೆಸ್ ಒಂದು. ಪೋಲಿಯೊ ಪೀಡಿತರಾದ ರಾಜಿಂದರ್ ಸಿಂಗ್ ರಹೇಲು 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇದರಲ್ಲೇ ಕಂಚು ತಂದರು. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸುಧೀರ್ ಚಿನ್ನ ಗೆದ್ದರು.

ಅವರ ಬೆಂಚು ಬೇರೆ: ಕಾಲೂ ಮೇಲೆಯೇ ಇರುವಷ್ಟು ಉದ್ದ, 61 ಸೆಂ.ಮೀ. ಅಗಲ, ಭುಜದ ಕಡೆ ಮಾತ್ರ ಕಿರಿದು. ಸಾಮಾನ್ಯ ಬೆಂಚು 30 ಸೆಂ.ಮೀ. ಅಗಲವಷ್ಟೇ, ಕಾಲಿನ ಊರೆ ಇಲ್ಲದೆ ಅದರ ಮೇಲೆ ಮೈ ಹೊರಳುತ್ತದೆ. ಬೆಂಚಿನ ಕಾಲಿನ ಕಡೆಗೆ ಅದೇ ಎತ್ತರಕ್ಕೆ ಎರಡಡಿ ಅಗಲದ ಗಟ್ಟಿ ಹಲಗೆ ಕೂರಿಸಿ, ಕಾಲು ಚಾಚಿ, ತೊಡೆಗೊಂದು ಮೊಣಕಾಲಿನ ಕೆಳಗೊಂದು ಅಗಲ ಪಟ್ಟಿ ಬಿಗಿಯಿರಿ. ರಕ್ತ ನಿಲ್ಲುವಷ್ಟು ಬಿಗಿ ಬೇಡ, ಪಟ್ಟಿಯಡಿ ಎರಡು ಬೆರಳು ತೂರಬೇಕು. ಚರ್ಮದ ಸ್ಪರ್ಶ ಕಡಿಮೆ ಇದ್ದರೆ ಪಟ್ಟಿಯಡಿ ಟವೆಲ್ ಹಾಕಿ, ಬಿಚ್ಚಿದ ಮೇಲೆ ಗಾಯವಾಗಿದೆಯೇ ನೋಡಿ. ಕಾಲಿನ ಒತ್ತು ಇಲ್ಲದಿರುವುದರಿಂದ ರೆಕ್ಕೆಮೂಳೆಯ ಬಿಗಿತವೇ ನಿಮಗೆ ಎಲ್ಲ. ಕೊಕ್ಕೆಯಿಂದ ರಾಡ್ ತೆಗೆದುಕೊಡಲು ಒಬ್ಬರು ಬೇಕೇಬೇಕು.

ಮುಖ್ಯವಾದ ಮಾತು: ನಿಮ್ಮ ಭುಜ ದಿನವಿಡೀ ಊರುಗೋಲಿನ ಮೇಲೆ ದುಡಿದು ಬಂದಿದೆ. ನಡಿಗೆ ಹೆಚ್ಚಾದ ದಿನ ಬೆಂಚ್ ಬೇಡ. ವಾರಕ್ಕೆ ಎರಡೇ ದಿನ, ಪ್ರತಿ ಸೆಟ್ ಬೆಂಚಿಗೆ ಎರಡು ಸೆಟ್ ಎಳೆಯುವ ವ್ಯಾಯಾಮ. ಭುಜ ಕೆಟ್ಟರೆ ನಿಮಗೆ ಕೆಡುವುದು ಬೆಂಚ್ ಪ್ರೆಸ್ ಮಾತ್ರವಲ್ಲ, ಓಡಾಟವೂ.

ವಯಸ್ಸು 48. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಮಾಡಬಹುದೇ?
— ಓದುಗರು, ಆಲೂರು

ಡಾಕ್ಟರನ್ನು ಕೇಳಿ, ಹೂಂ ಎಂದರೆ ಮಾಡಬಹುದು. ಬಿ.ಪಿ. ಹತೋಟಿಯಲ್ಲಿರಬೇಕು, 180/110 ದಾಟಿದ್ದರೆ ಭಾರದ ಹತ್ತಿರ ಹೋಗಲೇಬೇಡಿ. ಮೇಲೆ ಹಾಸನದ ಓದುಗನಿಗೆ ಹೇಳಿದ ಉಸಿರು ಹಿಡಿಯುವ ವಿಧಾನ ನಿಮಗಲ್ಲ, ಉಸಿರು ಬಿಗಿಹಿಡಿದ ಕ್ಷಣದಲ್ಲಿ ರಕ್ತದೊತ್ತಡ ಜಿಗಿಯುತ್ತದೆ. ನೀವು ಇಳಿಸುವಾಗ ಎಳೆದು ಎತ್ತುವಾಗ ಬಿಡಿ. 12ರಿಂದ 15 ಸಲ ಸಲೀಸಾಗಿ ಬರುವ ತೂಕ ಸಾಕು. ಸೆಟ್ ಮುಗಿದ ಮೇಲೆ ಧಡಕ್ಕನೆ ಏಳದೆ ಕೂತು ಅರ್ಧ ನಿಮಿಷ ಬಿಟ್ಟು ನಿಲ್ಲಿ. ಮಾರನೇ ದಿನ ಮುಟ್ಟಿದರೆ ನೋಯುವ ಎದೆ ಸ್ನಾಯುವಿನದು. ವ್ಯಾಯಾಮದ ನಡುವೆ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ದವಡೆಗೋ ಎಡಗೈಗೋ ಹರಿದರೆ 'ಚೆಸ್ಟ್ ಹಿಡಿದುಕೊಂಡಿದೆ' ಎಂದು ಕೂರದೆ ಆಸ್ಪತ್ರೆಗೆ ಹೊರಡಿ.

ದಿನಾ ಎರಡು ಮುದ್ದೆ, ಹುರುಳಿ ಕಟ್ಟಿನ ಸಾರು. ಇಷ್ಟು ತಿಂದರೂ ಎದೆ ತುಂಬುತ್ತಿಲ್ಲ. ಪೌಡರ್ ಬೇಕೇ? ತೂಕ 65 ಕೆ.ಜಿ.
— ಓದುಗ, ಅರಸೀಕೆರೆ

ಭಾರ ಎತ್ತುವವರಿಗೆ ದೇಹದ ತೂಕದ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್ ಸಾಕು, ನಿಮಗೆ ದಿನಕ್ಕೆ 104 ಗ್ರಾಂ. ಎರಡು ಮುದ್ದೆಗೆ 150 ಗ್ರಾಂ ರಾಗಿಹಿಟ್ಟು ಎಂದರೆ ಅದರಿಂದ 11 ಗ್ರಾಂ. ಹುರುಳಿ ಒಳ್ಳೆಯ ಕಾಳು, 50 ಗ್ರಾಂಗೆ 11 ಗ್ರಾಂ ಇದೆ. ಆದರೆ ಕಟ್ಟು ಬಸಿದು ಸಾರು ಮಾಡಿಕೊಂಡು ನೀವು ಉಣ್ಣುತ್ತೀರಿ, ಬೆಂದ ಕಾಳು ಎಮ್ಮೆಯ ಬಾನಿಗೆ ಹೋಗುತ್ತದೆ. ಪ್ರೋಟೀನ್‌ನ ಬಹುಪಾಲು ಇರುವುದು ಆ ಕಾಳಿನಲ್ಲಿ. ಎದೆ ತುಂಬುತ್ತಿರುವುದು ಎಮ್ಮೆಗೆ!

ಕಾಳನ್ನು ಒಗ್ಗರಣೆ ಹಾಕಿ ಪಲ್ಯ ಮಾಡಿ ತಿನ್ನಿ. ನಾಲ್ಕು ಮೊಟ್ಟೆಗೆ 24 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7, ಎರಡು ಹೊತ್ತಿನ ಅನ್ನಕ್ಕೆ 200 ಗ್ರಾಂ ಅಕ್ಕಿ ಎಂದರೆ 14. ಇದೆಲ್ಲ ಸೇರಿ 83. ಕೋಳಿ ತಿನ್ನುವ ದಿನ 150 ಗ್ರಾಂ ಮಾಂಸ ಸೇರಿದರೆ ಗುರಿ ದಾಟುತ್ತದೆ. ತಿನ್ನದ ದಿನ ಇನ್ನೊಂದು ಹಿಡಿ ಕಾಳು, ಒಂದು ಬಟ್ಟಲು ಮೊಸರು ಸೇರಿಸಿ. ಇಷ್ಟಾಗಿಯೂ ಕೊರತೆ ಬಿದ್ದರೆ ಪೌಡರ್ ಒಂದು ಚಮಚೆ ತೆಗೆದುಕೊಳ್ಳಬಹುದು. ಹಾಲಿನ ಪೌಡರ್‌ನಂತೆ ಅದೂ ಆಹಾರವೇ, ಮದ್ದಲ್ಲ. ಡಬ್ಬಿಯ ಬೆಲೆಯಲ್ಲಿ ಎಷ್ಟು ಮೊಟ್ಟೆ ಬರುತ್ತದೆ ಎಂದು ಲೆಕ್ಕ ಹಾಕಿಯೇ ಅಂಗಡಿಗೆ ಹೋಗಿ.